ಭಾಗ್ಯಮ್ಮ ತಮಟೆ ಹೊತ್ತು ಮಾರಿಷಸ್ಸಿಗೆ ಹೋದದ್ದು

ಸಣ್ಣಬೀರಯ್ಯ ತನ್ನ ತಮಟೆಯನ್ನು ಒಲೆಗೆ ತುರುಕಿ ಸುಟ್ಟ ದಿನವೇ ಮಗಳು ಭಾಗ್ಯಮ್ಮ ಹುಟ್ಟಿದ್ದು.

ಹುಣಸೂರು ಕಡೆಯಿಂದ ಕಟ್ಟೆಮಳಲವಾಡಿ ದಾಟಿ ಒಂದಿಷ್ಟು ಒಳಗೆ ಹೋದರೆ ಸಿಗುವ ಸಣ್ಣ ಊರು ಅವರದು. ಊರಲ್ಲಿ ಯಾರು ಸತ್ತರೂ ಹೆಣದ ಮುಂದೆ ತಮಟೆ ಬಾರಿಸುವುದು ಸಣ್ಣಬೀರಯ್ಯನ ಕೇರಿಯವರ ಪಾಲಿನ ಬಿಟ್ಟಿ ಕೆಲಸ. ಆವತ್ತು ದೊಡ್ಡಮನೆಯ ಹಿರಿಯರು ತೀರಿಕೊಂಡಿದ್ದರು. ಇತ್ತ ಗುಡಿಸಲಲ್ಲಿ ಹೆಂಡತಿಗೆ ಹೆರಿಗೆ ನೋವು. "ಒಂದು ಗಳಿಗೆ ಹೋಗಿ ಬತ್ತೀನಿ ಬುದ್ಧಿ" ಎಂದು ಕೈ ಮುಗಿದರೆ, "ಹೆಣ ಎತ್ತೋಗಂಟ ತಮಟೆ ನಿಲ್ಲಂಗಿಲ್ಲ" ಅಂದರು. ಸಣ್ಣಬೀರಯ್ಯ ಮನೆ ಮುಟ್ಟುವಷ್ಟರಲ್ಲಿ ಹೆಂಡತಿ ರಕ್ತ ಹೋಗಿ ಪ್ರಜ್ಞೆ ಇಲ್ಲದೆ ಮಲಗಿದ್ದಳು, ಪಕ್ಕದಲ್ಲಿ ಕೂಸು ಅಳುತ್ತಿತ್ತು. ಹೇಗೋ ಇಬ್ಬರೂ ಉಳಿದುಕೊಂಡರು. ತಮಟೆ ಉಳಿಯಲಿಲ್ಲ. ಆಮೇಲೆ ಅವನು ಗುತ್ತಿಗೆಗೆ ಹೊಲ ಹಿಡಿದ, ರಾಗಿ ಬೆಳೆದ, ಹೊಗೆಸೊಪ್ಪು ಬೆಳೆದ, ಕೊನೆಗೆ ಸ್ವಂತಕ್ಕೆ ಒಂದು ತುಂಡು ನೆಲ ಮಾಡಿಕೊಂಡ. ಯಾರ ಹೆಣದ ಮುಂದೆಯೂ ನಿಲ್ಲಲಿಲ್ಲ. ಅವನನ್ನು ನೋಡಿ ಇಡೀ ಕೇರಿಯೇ ಹೆಣಕ್ಕೆ ತಮಟೆ ಬಾರಿಸುವುದನ್ನು ನಿಲ್ಲಿಸಿತು.

ಇಂಥ ಅಪ್ಪನ ಮಗಳು, ಮದುವೆಯಾಗಿ, ಅದೇ ಕೇರಿಯಲ್ಲಿ ಎರಡು ಮನೆ ಆಚೆ ಸಂಸಾರ ಹೂಡಿ, ನಲವತ್ತು ಹತ್ತಿರವಾದಾಗ ತಮಟೆ ಹಿಡಿದಳು. ಹುಣಸೂರಿನಲ್ಲಿ ಹೆಂಗಸರಿಗೆಂದು ನಡೆದ ರಂಗಶಿಬಿರದಲ್ಲಿ ಆಟಕ್ಕೆಂಬಂತೆ ಕೈಗೆತ್ತಿಕೊಂಡದ್ದು, ಕೈಬಿಟ್ಟು ಹೋಗಲೇ ಇಲ್ಲ. ಕೇರಿಯ ಪುಷ್ಪಾ, ರಾಣಿ, ಇನ್ನೂ ನಾಲ್ಕಾರು ಹೆಂಗಸರು ಜೊತೆಗೂಡಿ ತಂಡವೇ ಆಯಿತು. ಗಂಡ ಶಿವಣ್ಣ, "ನೀನು ಹೋಗಿ ಬಾ, ಹಸ ನಾನು ಕರ್ಕೋತೀನಿ" ಅಂದ. ಅಪ್ಪ ಮಾತ್ರ ಕೆಂಡವಾದ.

"ನಾನು ಸುಟ್ಟಿದ್ದನ್ನ ನೀನು ಎತ್ಕೊಂಡು ಬಂದ್ಯಾ?"

"ಇದು ಬೇರೆ ಕಣಪ್ಪ. ನಾವು ಸ್ಟೇಜ್ ಮೇಲೆ ಬಾರ್ಸೋದು."

"ಚರ್ಮ ಅದೇ ತಾನೆ?" ಅಂದವನು ಅವಳ ಮನೆಯ ಕಡೆ ತಲೆ ಹಾಕುವುದನ್ನೇ ಬಿಟ್ಟ. ತಮಟೆಯ ಚರ್ಮ ಒರೆಸುವಾಗೆಲ್ಲ ಭಾಗ್ಯಮ್ಮ ಆ ಮಾತನ್ನೇ ಮೆಲುಕು ಹಾಕುತ್ತಿದ್ದಳು.

ಮೈಸೂರಿನಲ್ಲಿ ಅವರ ಆಟ ನೋಡಿದವರೊಬ್ಬರ ಮೂಲಕ ಮಾರಿಷಸ್ಸಿನಿಂದ ಕರೆ ಬಂತು. ಅಲ್ಲಿ ಪ್ರತಿ ಫೆಬ್ರವರಿ ಒಂದಕ್ಕೆ ಗುಲಾಮಗಿರಿ ಕೊನೆಗೊಂಡ ದಿನವನ್ನು ಆಚರಿಸುತ್ತಾರೆ, ಬೇರೆ ಬೇರೆ ದೇಶದ ವಾದ್ಯಗಾರರು ಬರುತ್ತಾರೆ ಅಂದರು. ಭಾಗ್ಯಮ್ಮ ಅಲ್ಲಿಯವರೆಗೆ ಕಂಡಿದ್ದ ದೊಡ್ಡ ನೀರೆಂದರೆ ಕಬಿನಿ ಅಣೆಕಟ್ಟೆಯ ಹಿನ್ನೀರು. ವಿಮಾನದ ಕಿಟಕಿಯಿಂದ ಸಮುದ್ರ ನೋಡಿ ಪುಷ್ಪಾಳ ಕೈ ಹಿಡಿದವಳು ಇಳಿಯುವ ತನಕ ಬಿಡಲಿಲ್ಲ.

ಇಳಿದ ಮೇಲೆ ಮಾತ್ರ ಧೈರ್ಯ ಬಂತು. ದಾರಿಯ ಎರಡೂ ಕಡೆ ಕಬ್ಬು, ಕಣ್ಣು ಹಾಯುವಷ್ಟೂ ಕಬ್ಬು. "ಏನ್ಲೇ ಪುಷ್ಪಾ, ಕೆ.ಆರ್. ನಗರಕ್ಕೇ ಬಂದಂಗಾಯ್ತಲ್ಲ!" ಎಂದಳು. ಅವರನ್ನು ಕರೆದೊಯ್ಯಲು ಬಂದಿದ್ದ ಪ್ರಿಯಾ ನಕ್ಕಳು. ಪ್ರಿಯಾ ಆ ದೇಶದವಳೇ. ಮೈಸೂರಿನಲ್ಲಿ ಓದಿದ್ದರಿಂದ ಅವಳಿಗೆ ತಕ್ಕಮಟ್ಟಿಗೆ ಕನ್ನಡ ಬರುತ್ತಿತ್ತು.

"ಈ ಕಬ್ಬಿಗಾಗಿಯೇ ಆಫ್ರಿಕಾದಿಂದ, ಮಡಗಾಸ್ಕರಿನಿಂದ ಜನರನ್ನ ಹಿಡ್ಕೊಂಡು ಬಂದಿದ್ದು ಅಕ್ಕ. ಅವರಿಗೆ ಬಿಡುಗಡೆ ಆದಾಗ ಕಬ್ಬು ಕಡಿಯೋರು ಬೇಕಲ್ಲ? ಭಾರತದಿಂದ ಕರಾರು ಕೂಲಿ ಅಂತ ನಮ್ಮ ಹಿರಿಯರನ್ನ ತಂದ್ರು. ಗುಲಾಮರು ಬಿಟ್ಟು ಹೋದ ಗುಡಿಸಲುಗಳಲ್ಲೇ ಇಟ್ಟರು."

ಭಾಗ್ಯಮ್ಮ ಮತ್ತೆ ಕಬ್ಬಿನ ಕಡೆ ನೋಡಿದಳು. ಈಗ ಅದು ಕೆ.ಆರ್. ನಗರದ ಹಾಗೆ ಕಾಣಲಿಲ್ಲ.

ಸಂಜೆ ಸಮುದ್ರ ದಂಡೆಯ ವೇದಿಕೆ ಹತ್ತುವ ಹೊತ್ತಿಗೆ ತಮಟೆಗೆ ಬೆರಳು ತಾಕಿಸಿದರೆ ಅದು ಒದ್ದೆ ಗೋಣಿಚೀಲದಂತೆ ಸದ್ದು ಮಾಡಿತು. ಉಪ್ಪುಗಾಳಿಗೆ ಚರ್ಮ ಸಡಿಲಗೊಂಡಿತ್ತು. ಬೆಂಕಿಗೆ ಹಿಡಿದು ಬಿಸಿ ಮಾಡದೆ ಬಾರಿಸುವಂತಿಲ್ಲ. ವೇದಿಕೆಯ ಮೇಲ್ವಿಚಾರಕ ಎರಡೂ ಕೈ ಅಲ್ಲಾಡಿಸಿ ಇಲ್ಲಿ ಬೆಂಕಿ ಕೂಡದು ಎಂದ. ತಂಡದವರಿಗೆ ಅಳು ಬರುವುದೊಂದು ಬಾಕಿ. ಭಾಗ್ಯಮ್ಮ ತಮಟೆ ಕಂಕುಳಲ್ಲಿ ಇಟ್ಟುಕೊಂಡು, ಸೆರಗು ಸೊಂಟಕ್ಕೆ ಬಿಗಿದು, ಹೊಗೆ ಕಂಡ ಕಡೆ ಮರಳಲ್ಲಿ ನಡೆದುಬಿಟ್ಟಳು.

ಮರಗಳ ಮರೆಯಲ್ಲಿ ಒಬ್ಬ ವಯಸ್ಸಾದ ಕಪ್ಪು ಹೆಂಗಸು ಒಣಗರಿಗೆ ಬೆಂಕಿ ಹಚ್ಚಿ, ದೊಡ್ಡ ಜರಡಿಯಷ್ಟಗಲದ ಒಂದು ವಾದ್ಯವನ್ನು ಉರಿಯ ಮೇಲೆ ತಿರುಗಿಸಿ ತಿರುಗಿಸಿ ಹಿಡಿಯುತ್ತಿದ್ದಳು. ಮರದ ಬಳೆಗೆ ಬಿಗಿದ ಆಡಿನ ಚರ್ಮ. ಆಕೆ ತಲೆ ಎತ್ತಿ ಭಾಗ್ಯಮ್ಮನ ತಮಟೆ ನೋಡಿದಳು. ಭಾಗ್ಯಮ್ಮ ಆಕೆಯ ಕೈಯಲ್ಲಿದ್ದುದನ್ನು ನೋಡಿದಳು. ಒಬ್ಬರ ಭಾಷೆ ಒಬ್ಬರಿಗೆ ಬಾರದು. ಇಬ್ಬರೂ ಒಟ್ಟಿಗೆ ನಕ್ಕುಬಿಟ್ಟರು. ಆಕೆ ಸರಿದು ಜಾಗ ಮಾಡಿಕೊಟ್ಟಳು.

ಹುಡುಕಿಕೊಂಡು ಓಡಿಬಂದ ಪ್ರಿಯಾ ಮಾತು ಜೋಡಿಸಿಕೊಟ್ಟಳು. ಆಕೆಯ ಹೆಸರು ಮಾರ್ಲೆನ್. ವಾದ್ಯದ ಹೆಸರು ರವಾನ್. ಹಗಲೆಲ್ಲ ಕಬ್ಬಿನ ಗದ್ದೆಯಲ್ಲಿ ಸವೆದ ಗುಲಾಮರು ಸಂಜೆ ಬೆಂಕಿಯ ಸುತ್ತ ಕೂತು ಬಾರಿಸುತ್ತಿದ್ದ ವಾದ್ಯ ಅದು.

"ನಮ್ಮಜ್ಜಿ ಇದನ್ನ ಮಂಚದ ಕೆಳಗೆ ಬಚ್ಚಿಡ್ತಿದ್ದಳು. ಇದು ಅಸಹ್ಯ, ಗುಲಾಮರ ಕುಣಿತ ಅಂತ ಮರ್ಯಾದಸ್ತರು ಬೈಯೋರು. ನಮ್ಮವ್ವ ಮುಟ್ಟಲೇ ಇಲ್ಲ" ಎಂದಳು ಮಾರ್ಲೆನ್.

ಭಾಗ್ಯಮ್ಮನ ಎದೆಯೊಳಗಿನ ಮಾತು ಹೊರಬಿತ್ತು. "ಮತ್ತೆ ನೀವ್ಯಾಕೆ ಇಟ್ಕೊಂಡ್ರಿ? ಕೆಟ್ಟ ಕಾಲದ್ದು ಅಲ್ವಾ ಇದು? ಹೆಣದ ಮುಂದೆ ಬಿಟ್ಟಿ ಬಾರ್ಸಿ ಬಾರ್ಸಿ ಸಾಕಾಗಿ ನಮ್ಮಪ್ಪ ಸುಟ್ಟೇಬುಟ್ಟ."

ಮಾರ್ಲೆನ್ ಉರಿಗೆ ಇನ್ನೊಂದು ಒಣಗರಿ ಹಾಕಿದಳು. "ನಿಮ್ಮಪ್ಪ ಮಾಡಿದ್ದು ಸರಿ. ಬಲವಂತಕ್ಕೆ ಬಾರಿಸೋದು ಯಾರಿಗೂ ಬೇಡ. ಆದ್ರೆ ಸಂಕಲೆ ಮಾಡಿದ್ದು ಧಣಿ. ಇದನ್ನ ಮಾಡಿದ್ದು ನಾವು. ಅವರದನ್ನ ಅವರಿಗೆ ಬಿಟ್ಟು ನಮ್ಮದನ್ನ ನಾವು ತಗೊಂಡ್ವಿ."

ಆ ಸಂಜೆ ತಮಟೆ ಗುಡುಗಿತು. ಮರುದಿನ ಮೆರವಣಿಗೆಯಲ್ಲಿ ರವಾನಿನ ಜೊತೆ ತಮಟೆ ಸೇರಿತು. ಮಾರ್ಲೆನ್ ಕೈಯಲ್ಲಿ ಬಡಿದ ಲಯಕ್ಕೆ ಭಾಗ್ಯಮ್ಮ ಕಡ್ಡಿಯಲ್ಲಿ ಉತ್ತರ ಕೊಟ್ಟಳು. ಬೀದಿಯ ಜನ ಕುಣಿಯುತ್ತಾ ಹಿಂದೆ ಬಂದರು. ಬೆವರು ಕಣ್ಣಿಗಿಳಿದರೂ ಒರೆಸಿಕೊಳ್ಳದೆ, ತಲೆಯೆತ್ತಿ, ನಡುರಸ್ತೆಯಲ್ಲಿ ನಡೆದಳು ಭಾಗ್ಯಮ್ಮ.

ಊರಿಗೆ ಬಂದವಳು ಮೊದಲು ಹೋದದ್ದು ಅಪ್ಪನ ಜಗುಲಿಗೆ. ಕೇಳಲಿ ಬಿಡಲಿ ಎಂದು ಎಲ್ಲವನ್ನೂ ಹೇಳಿದಳು. ಗುಲಾಮರ ಕಥೆ ಬಂದಾಗ ಮುದುಕ ಎಲೆಅಡಿಕೆ ಅಗಿಯುವುದನ್ನು ನಿಲ್ಲಿಸಿ, "ಅಲ್ಲೂ ಇಂಗೇನಾ?" ಎಂದು ಕೇಳಿದ.

ತಿಂಗಳು ಕಳೆಯುವುದರೊಳಗೆ ದೊಡ್ಡಮನೆಯ ಮಹದೇವಪ್ಪನವರು ತೀರಿಕೊಂಡರು. ಅವರ ಮಗ ಮಹೇಂದ್ರ ತಾನೇ ಕೇರಿಗೆ ಬಂದು ಭಾಗ್ಯಮ್ಮನ ಮನೆ ಮುಂದೆ ನಿಂತ. "ಫಾರಿನ್ನಿಗೆಲ್ಲಾ ಹೋಗಿ ಬಂದಿದ್ದೀರ. ಅಪ್ಪಾಜಿ ಮುಂದೆ ನಿಮ್ಮ ತಂಡದ ತಮಟೆ ಇದ್ರೆ ಗೌರವ ಕಣಮ್ಮ. ಹಿಂದಿನಿಂದ ಬಂದ ಪದ್ಧತಿ ಅಲ್ವಾ?"

ಮಹೇಂದ್ರ ವಿನಯದಿಂದಲೇ ಕೇಳಿದ್ದ. ಭಾಗ್ಯಮ್ಮನೂ ದನಿ ಏರಿಸಲಿಲ್ಲ.

"ದುಃಖದಲ್ಲಿದ್ದೀರ, ಬೇಜಾರು ಮಾಡ್ಕೋಬೇಡಿ. ಸಾವಿಗೆ ಬತ್ತೀವಿ, ಎಲ್ಲರ ಜೊತೆ ನಿಂತ್ಕೋತೀವಿ. ಹೆಗಲು ಕೊಡೋಕೆ ಆಳು ಬೇಕಂದ್ರೆ ನಮ್ಮೆಜಮಾನ್ರು ಬತ್ತಾರೆ. ತಮಟೆ ಬರಕ್ಕಿಲ್ಲ. ಅದನ್ನ ನಮ್ಮಪ್ಪ ನಿಲ್ಸವ್ನೆ. ಅವನು ನಿಲ್ಸಿದ್ದನ್ನ ನಾನು ಶುರು ಮಾಡಕ್ಕಿಲ್ಲ."

ಮಹೇಂದ್ರ ಆಗಲಿ ಎಂಬಂತೆ ತಲೆಯಾಡಿಸಿ ಹೋದ. ಶಿವಣ್ಣ ಹೆಗಲು ಕೊಟ್ಟು ಬಂದ. ಆ ಮನೆಯ ಹೆಣಕ್ಕೆ ಕೇರಿಯವರು ಹೆಗಲು ಕೊಟ್ಟದ್ದು ಅದೇ ಮೊದಲು.

ಆ ಭಾನುವಾರ ಹೊಗೆಸೊಪ್ಪು ಒಣಗಿಸುವ ಬ್ಯಾರನ್ ಮನೆಯ ಮುಂದೆ ತಂಡ ಅಭ್ಯಾಸ ಮಾಡುತ್ತಿದ್ದಾಗ ಸಣ್ಣಬೀರಯ್ಯ ಬಂದು ಕೈಕಟ್ಟಿ ನಿಂತ. ಎಷ್ಟೋ ಹೊತ್ತು ಕೇಳಿದ. ಆಮೇಲೆ ತಡೆಯಲಾಗದೆ, "ಎಡಗೈ ಕಡ್ಡಿ ಅಷ್ಟು ಬಿಗಿಯಾಗಿ ಹಿಡೀಬ್ಯಾಡ ಕಣವ್ವ, ಸಡಿಲ ಬುಡು. ಏಟು ತಾನಾಗೇ ಕುಣೀತದೆ" ಅಂದ. ಭಾಗ್ಯಮ್ಮ ಸಡಿಲ ಬಿಟ್ಟಳು. ಏಟು ಕುಣಿಯಿತು.

ಈಗ ಭಾನುವಾರಗಳಲ್ಲಿ ಅಲ್ಲಿ ಊರಿನ ಹೆಣ್ಣುಮಕ್ಕಳೂ ಕಲಿಯಲು ಬರುತ್ತಾರೆ. ಮಹೇಂದ್ರನ ಮಗಳು ರಮ್ಯ ಕೂಡ ಬರುತ್ತಾಳೆ. ಸಣ್ಣಬೀರಯ್ಯ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕಾಲ ಮೇಲೆ ಕಾಲು ಹಾಕಿ ಕೂತಿರುತ್ತಾನೆ. ರಮ್ಯಳ ತಾಳ ತಪ್ಪಿದರೆ ಎಲ್ಲರಿಗಿಂತ ಜೋರಾಗಿ ಗದರುತ್ತಾನೆ. ಅವಳು "ಆಯ್ತು ತಾತ" ಎಂದು ಮತ್ತೆ ಮೊದಲಿನಿಂದ ಶುರು ಮಾಡುತ್ತಾಳೆ.