ಕಾಣುವ ಹೊಲಿಗೆ

ನಾನು ನೆದರ್‌ಲ್ಯಾಂಡ್ಸ್‌ನಲ್ಲಿ ಡಿಸೈನ್ ಓದುತ್ತಿದ್ದೇನೆ. ಪಾಸ್‌ಪೋರ್ಟ್ ಇಲ್ಲ, ವಿಮಾನ ಹತ್ತಿಲ್ಲ, ಹೆಚ್ಚೆಂದರೆ ಹುಬ್ಬಳ್ಳಿಯವರೆಗೆ ರೈಲಿನಲ್ಲಿ ಹೋಗಿದ್ದೇನೆ. ದಾವಣಗೆರೆಯ ವಿನೋಬನಗರದಲ್ಲಿ ಸೀರೆಗೆ ಫಾಲ್ ಹಚ್ಚುವ, ಬ್ಲೌಸ್ ಹೊಲಿಯುವ ನನ್ನ ಪುಟ್ಟ ಅಂಗಡಿಯಲ್ಲಿ ಕೂತೇ ಓದು ನಡೆದಿದೆ. ಅಡ್ಮಿಷನ್ ಆಗಿರುವುದು ಮಗಳು ಸಹನಾಳಿಗೆ. ಹೋಂವರ್ಕ್ ಬರುತ್ತಿರುವುದು ನನಗೆ. ಈ ಗುಟ್ಟು ಅವಳ ಕಾಲೇಜಿನವರಿಗೆ ತಿಳಿಯದಿರಲಿ ಎಂದು ಮೊದಮೊದಲು ಹೆದರುತ್ತಿದ್ದೆ. ಈಗ ಅವರಿಗೂ ಗೊತ್ತಾಗಿಹೋಗಿದೆ, ಹೇಗೆಂದು ಹೇಳುತ್ತೇನೆ.

ಡಿಸೈನ್ ಎಂದರೇನು ಎಂದು ಯಾರಾದರೂ ಕೇಳಿದರೆ ನನ್ನ ಬಾಯಿ ಕಟ್ಟುತ್ತದೆ. ಮಾಯಕೊಂಡದಿಂದ ಬರುವ ನನ್ನ ಹಳೇ ಗಿರಾಕಿ ಗಿರಿಜಮ್ಮ ಒಮ್ಮೆ, "ಬ್ಲೌಸಿನ ಡಿಸೈನೇನ್ರಿ? ಅದಕ್ಯಾಕ ಅಷ್ಟು ದೂರ ಕಳ್ಸಿದ್ರಿ? ನಿಮ್ಮಂಗಡ್ಯಾಗೆ ಐವತ್ತು ಥರ ನೇತಾಕೀರಲ್ಲ!" ಎಂದರು. ಸುಮ್ಮನೆ ನಕ್ಕೆ. ಏಕೆಂದರೆ ಮಗಳು ಅಲ್ಲಿ ಮೊದಲ ಮೂರು ವಾರ ಒಂದು ಕುರ್ಚಿಯನ್ನು ನೋಡುತ್ತಿದ್ದಳು. ಕೂರಲಿಲ್ಲ ಮಾರಾಯ್ರೇ, ನೋಡುತ್ತಿದ್ದಳು. ಅದೇ ಕ್ಲಾಸಂತೆ. ಇದನ್ನು ಗಿರಿಜಮ್ಮನಿಗೆ ಹೇಳಿ ಮಗಳ ಮಾನ ಕಳೆಯಲೇ?

ಆಮೇಲೊಂದು ದಿನ ವಿಡಿಯೋ ಕಾಲಿನಲ್ಲಿ ಮ್ಯೂಸಿಯಂ ತೋರಿಸಿದಳು. ಬಿಳಿ ಗೋಡೆಯ ಮೇಲೆ ಆಳೆತ್ತರದ ಬಿಳಿ ಬಟ್ಟೆ ತೂಗುಹಾಕಿದ್ದರು, ದೊಡ್ಡ ಕಲಾವಿದರ ಕೆಲಸವಂತೆ. ನಾನು ಕಣ್ಣು ಕಿರಿದು ಮಾಡಿ ನೋಡಿದೆ. ಅಂಚು ಮಡಿಸಿಲ್ಲ, ದಾರವೆಲ್ಲ ಬಿಚ್ಚಿಕೊಂಡು ಜೋಲಾಡುತ್ತಿದೆ. "ಅಯ್ಯೋ, ಪಿಕೋ ಮಾಡ್ಸಿಲ್ವಲ್ಲೇ! ಇಲ್ಲಿಗೆ ಕಳ್ಸು ಅಂತ ಹೇಳು, ಹತ್ತು ನಿಮಿಷದ ಕೆಲ್ಸ" ಎಂದೆ. ಅವಳು ನಿಂತಲ್ಲೇ ಬಿದ್ದು ಬಿದ್ದು ನಕ್ಕಳು. ಯಾರೋ ಬಂದು ಗದರಿದ್ದು ಫೋನಿನಲ್ಲಿ ನನಗೂ ಕೇಳಿಸಿತು. ಅವತ್ತಿನಿಂದ ಕಲೆಯ ವಿಷಯದಲ್ಲಿ ನನಗೆ ಸಿಕ್ಕಾಪಟ್ಟೆ ಧೈರ್ಯ ಬಂದಿದೆ.

ಹೀಗೆ ನಗುನಗುತ್ತಿದ್ದ ಹುಡುಗಿ ಒಂದು ಗುರುವಾರ ಮಧ್ಯಾಹ್ನ ಅಳುತ್ತಾ ಫೋನ್ ಮಾಡಿದಳು. 'ನಿನ್ನ ಊರಿನಲ್ಲಿ ಎರಡು ಬೇರೆ ಬೇರೆ ವಸ್ತು ಕೂಡುವ ಜಾಗ ತೋರಿಸು' ಎಂದು ಮೇಷ್ಟ್ರು ಕೊಟ್ಟಿದ್ದ ಕೆಲಸಕ್ಕೆ ಇವಳು ಇಂಟರ್ನೆಟ್ಟಿನಿಂದ ಚಂದಚಂದದ ಚಿತ್ರ ತೆಗೆದು ಅಂಟಿಸಿದ್ದಳಂತೆ. ಅವರು ಎಲ್ಲವನ್ನೂ ನೋಡಿ, 'ಚೆನ್ನಾಗಿದೆ. ಇದರಲ್ಲಿ ನೀನೆಲ್ಲಿದ್ದೀಯ?' ಎಂದು ವಾಪಸ್ ಕೊಟ್ಟರಂತೆ. ಸೋಮವಾರ ಕೊನೆಯ ಅವಕಾಶ, ತಪ್ಪಿದರೆ ಇಡೀ ವರ್ಷ ಮತ್ತೆ ಓದಬೇಕು.

"ನನ್ ಕೈಲಿ ಆಗಲ್ಲಮ್ಮ. ವಾಪಸ್ ಬಂದ್ಬಿಡ್ತೀನಿ" ಎಂದಳು.

ನಿಜ ಹೇಳಿಬಿಡುತ್ತೇನೆ. ಆ ಮಾತು ಕೇಳಿ ನನಗೆ ಖುಷಿಯಾಯಿತು. ಬರಲಿ ಬಿಡು, ಮುಂದಿನ ವಾರವೇ ಬರಲಿ, ಪಕ್ಕದ ಮಷೀನಿನ ಮೇಲೆ ಕೂತು ಹರಟುತ್ತಾ ಹುಕ್ಕು ಹಚ್ಚಲಿ ಎಂದು ಆಸೆಯಾಯಿತು. ಒಂದು ನಿಮಿಷ ಅಷ್ಟೇ. ಆಮೇಲೆ ನನ್ನ ಮೇಲೆ ನನಗೇ ನಾಚಿಕೆಯಾಗಿ, "ಸುಮ್ನಿರೇ, ಅಳಬ್ಯಾಡ! ಕೂಡೋ ಜಾಗ ತಾನೆ? ನಾನು ಮೂವತ್ತು ವರ್ಷದಿಂದ ಮಾಡ್ತಿರೋದು ಇನ್ನೇನು? ಫೋಟೋ ಕಳಿಸ್ತೀನಿ ತಡಿ" ಎಂದು ಜೋರು ಮಾಡಿದೆ.

ಮಾರನೆಯ ದಿನ ಅಂಗಡಿಗೆ ಬೀಗ ಹಾಕಿ, ಫೋನ್ ಹಿಡಿದು ಹೊರಟೆ. ಒಮ್ಮೆ ಹುಡುಕತೊಡಗಿದರೆ ಊರೆಲ್ಲ ಬರೀ ಜೋಡಣೆಯೇ! ಚಹಾದಂಗಡಿಯಲ್ಲಿ ಸೀಳಿದ ಪ್ಲಾಸ್ಟಿಕ್ ಕುರ್ಚಿಗೆ ತಂತಿಯಲ್ಲಿ ಹೊಲಿಗೆ. ಆಟೋದ ಹರಿದ ಸೀಟಿಗೆ ಹಳೇ ಬ್ಯಾಗಿನ ತೇಪೆ. ಬೇವಿನ ಮರ ಕಡಿಯಲು ಮನಸ್ಸಾಗದೆ ಅದರ ಸುತ್ತ ಬಳಸಿ ಕಟ್ಟಿದ ಕಾಂಪೌಂಡು. ಒಂದು ಗೋಡೆಯನ್ನು ಬಗ್ಗಿ ಬಗ್ಗಿ ನೋಡುತ್ತಿದ್ದಾಗ ಕಿರಾಣಿ ಅಂಗಡಿಯವರು ಗಾಬರಿಯಿಂದ ಓಡಿ ಬಂದರು.

"ಯಾಕ್ರಿ ಮೇಡಂ, ಕಾರ್ಪೊರೇಷನ್ನಿಂದ ಬಂದೀರೇನ್ರಿ? ರೋಡ್ ಅಗಲ ಮಾಡ್ತಾರೇನು?"

"ಇಲ್ರೀ, ಜೋಡಿ ನೋಡಾಕೆ ಬಂದೀನಿ."

ಅವರ ಮುಖ ಅರಳಿತು. "ಹಂಗಾದ್ರೆ ಒಳಗೆ ಬರ್ರಿ, ಕೂಡ್ರಿ! ನಮ್ ತಮ್ಮ ಅದಾನ. ಡಿಗ್ರಿ ಆಗೈತೆ."

ಚಹಾ ಕುಡಿಯದೆ ಬಿಡಲಿಲ್ಲ. ತಮ್ಮನ ಫೋಟೋ ಕೂಡ ನನ್ನ ಫೋನಿಗೆ ಬಂತು.

ಭಾನುವಾರ ನಮ್ಮ ಯಜಮಾನರ ಬೈಕ್ ಹತ್ತಿ ಹರಿಹರಕ್ಕೆ ಹೋದೆವು. ಅರ್ಧ ಹರಿ, ಅರ್ಧ ಹರ, ಒಂದೇ ಮೈ. ಇದಕ್ಕಿಂತ ದೊಡ್ಡ ಜೋಡಣೆ ಎಲ್ಲಿದೆ? ಗರ್ಭಗುಡಿಯಲ್ಲಿ ಫೋಟೋ ತೆಗೆಯುವಂತಿಲ್ಲ ಎಂದರು. ಸರಿ, ಕಣ್ಣಲ್ಲೇ ನೋಡಿದೆ. ದರ್ಜಿಯ ಕಣ್ಣಲ್ಲವೇ, ಕೈ ಮುಗಿಯುವ ಮೊದಲು ಹೊಲಿಗೆ ಹುಡುಕಿತು. "ಸ್ವಾಮೇರೆ, ಇಬ್ರೂ ಕೂಡಿರೋದು ಎಲ್ಲಿ? ಗೆರೆ ಕಾಣ್ತಾನೇ ಇಲ್ಲ" ಎಂದೆ. ಪೂಜಾರಿಗಳು ತೀರ್ಥದ ಉದ್ಧರಣೆಯನ್ನು ಹಾಗೇ ಹಿಡಿದುಕೊಂಡು, "ಹೊಲಿಗೆ ಹುಡುಕ್ತಾ ಬಂದ ಭಕ್ತರು ನೀವೇ ಮೊದ್ಲು ನೋಡ್ರಿ" ಎಂದು ನಕ್ಕರು.

ಹೊರಗೆ ಹೊಳೆಯ ದಂಡೆಯಲ್ಲಿ ನಿಂತಾಗ ಇನ್ನೊಂದು ಹೊಳೆಯಿತು. ತುಂಗೆ, ಭದ್ರೆ ಎಲ್ಲೋ ಮೇಲೆ ಕೂಡಲಿಯಲ್ಲಿ ಸೇರಿಕೊಂಡು ಬಂದವರು. ಇಲ್ಲಿ ಒಂದು ಬೊಗಸೆ ನೀರೆತ್ತಿ ಇದು ಯಾರದು ಎಂದು ಹೇಳಲಾದೀತೆ? ನಮ್ಮ ಮಾತೂ ಹಾಗೇ, ಅತ್ತ ಮೈಸೂರಿನದಲ್ಲ, ಇತ್ತ ಧಾರವಾಡದ್ದಲ್ಲ. ಒಳ್ಳೆಯ ಹೊಲಿಗೆ ಕಾಣಬಾರದು ಎಂಬ ನನ್ನ ಮೂವತ್ತು ವರ್ಷದ ಸಿದ್ಧಾಂತಕ್ಕೆ ದೇವರು, ಹೊಳೆ, ಭಾಷೆ ಮೂವರೂ ಸಾಕ್ಷಿ ಹೇಳಿದಂತಾಗಿ ನಾನು ಉಬ್ಬಿಹೋದೆ. ಹಳೇ ಸೇತುವೆಯದೂ ನಾಲ್ಕು ತೆಗೆದು, ಎಲ್ಲಾ ಸೇರಿಸಿ ನಲವತ್ತಮೂರು ಫೋಟೋ ಕಳಿಸಿದೆ.

ಕೂಡಲೇ ಫೋನ್ ಬಂತು. "ಅಮ್ಮಾ! ಎಲ್ಲಾದ್ರಾಗೂ ನಿನ್ ಬೆರಳು ಐತಲ್ಲೇ!"

"ಹ್ಞೂಂ, ಇಟ್ಟೀನಿ. ಇಲ್ಲಾಂದ್ರೆ ಎಲ್ಲಿ ನೋಡ್ಬೇಕು ಅಂತ ನಿಮ್ ಮೇಷ್ಟ್ರಿಗೆ ಹೆಂಗೆ ಗೊತ್ತಾಗ್ಬೇಕು?"

ತಪ್ಪೇನಿದೆ ಹೇಳಿ? ಗಿರಾಕಿಗೆ ಕೆಲಸ ತೋರಿಸುವಾಗ 'ಇಲ್ಲಿ ನೋಡ್ರಿ' ಎಂದು ಬೆರಳಿಟ್ಟು ತೋರಿಸಿಯೇ ನನಗೆ ಅಭ್ಯಾಸ. ಒಂದು ಕೈಯಲ್ಲಿ ಫೋನು, ಇನ್ನೊಂದು ಕೈಯ ತೋರುಬೆರಳು ಫೋಟೋದೊಳಗೆ. ಅವಳು ಹಣೆ ಹಣೆ ಬಡಿದುಕೊಂಡಳು. ಮತ್ತೆ ತೆಗೆಯಲು ಹೊತ್ತಿಲ್ಲ, ಕತ್ತರಿಸಿದರೆ ಜೋಡಣೆಯೂ ಹೋಗುತ್ತದೆ. ನನ್ನಿಂದಲೇ ಅವಳ ವರ್ಷ ಹಾಳಾಯಿತೆಂದು ಸೋಮವಾರವೆಲ್ಲ ಚಿಂತಿಸುತ್ತಾ, ಯಾರದೋ ಬ್ಲೌಸಿಗೆ ಎಡಗೈ ತೋಳನ್ನು ಬಲಗಡೆಗೆ ಹಚ್ಚಿಬಿಟ್ಟೆ.

ಸಂಜೆ ಫೋನಿನಲ್ಲಿ ಬರೀ ಕಿರುಚಾಟ. ಏನೇ, ಏನಾತೇ ಎಂದು ನಾನೂ ಕಿರುಚಿದೆ. ಮೇಷ್ಟ್ರು ಕುರ್ಚಿ, ಗೋಡೆ ಯಾವುದನ್ನೂ ಕೇಳಲಿಲ್ಲವಂತೆ. 'ಈ ಬೆರಳು ಯಾರದು?' ಎಂದರಂತೆ. ಇವಳು ಶುರು ಮಾಡಿದಳಂತೆ: ನಮ್ಮಮ್ಮ, ಅವಳ ಅಂಗಡಿ, ಉಗುರಿಗೆ ಹತ್ತಿದ ನೀಲಿ ಸೀಮೆಸುಣ್ಣದ ಪುಡಿ, ಸೂಜಿ ಚುಚ್ಚಿ ಚುಚ್ಚಿ ದಡ್ಡುಗಟ್ಟಿದ ತುದಿ, ಹೊಲಿಗೆ ಕಾಣಬಾರದು ಎನ್ನುವ ಅವಳ ಹಟ. ಅರ್ಧ ಗಂಟೆ ಕ್ಲಾಸಿನಲ್ಲಿ ಒಬ್ಬರೂ ಏಳಲಿಲ್ಲವಂತೆ. ಪಾಸು! ಅಷ್ಟೇ ಅಲ್ಲ, ಫೋಟೋಗಳನ್ನು ದೊಡ್ಡದು ಮಾಡಿ ಗೋಡೆಗೆ ಹಾಕಿದ್ದಾರೆ. ನನ್ನ ಬೆರಳು ಅಲ್ಲಿ ಸೋರೆಕಾಯಿ ಗಾತ್ರ ಇದೆ. ಮೊದಲೇ ಹೇಳಿದ್ದರೆ ಉಗುರಾದರೂ ಕತ್ತರಿಸಿಕೊಳ್ಳುತ್ತಿರಲಿಲ್ಲವೇ?

ಕುಣಿದೆ. ನಿಜವಾಗಿ, ಅಂಗಡಿಯ ಬಾಗಿಲು ಮುಂದೆ ಮಾಡಿಕೊಂಡು ಕುಣಿದೆ. ಕುಣಿದು ಸ್ಟೂಲಿನ ಮೇಲೆ ಕೂತ ಮೇಲೆ ತಿಳಿಯಿತು, ಬಂದುಬಿಡುತ್ತೇನೆ ಎಂದವಳನ್ನು ಇನ್ನೂ ಒಂದೂವರೆ ವರ್ಷ ಅಲ್ಲೇ ಇರಿಸಿದ್ದು ನನ್ನದೇ ಬೆರಳು. ಸ್ವಲ್ಪ ಅತ್ತೆ ಕೂಡ. ಆಮೇಲೆ ಆ ತೋಳು ಬಿಚ್ಚಲು ಕೂತೆ.

ನಿನ್ನೆ ಮಗಳು ಒಂದು ಫೋಟೋ ಕಳಿಸಿದ್ದಾಳೆ. ಅಲ್ಲಿನ ಕಾಲುವೆಯ ಮೇಲೆ ಕಲ್ಲನ್ನೂ ಕಬ್ಬಿಣವನ್ನೂ ಕೂಡಿಸಿ ಕಟ್ಟಿದ ಸೇತುವೆಯಂತೆ, ಬಹಳ ಹಳೆಯದಂತೆ, ಆ ಕೂಡಿಕೆ ನೋಡಲೆಂದೇ ಎಲ್ಲೆಲ್ಲಿಂದಲೋ ಜನ ಬರುತ್ತಾರಂತೆ. ನಾನು ಎಲ್ಲಿ ನೋಡಬೇಕೆಂದು ತಿಳಿಯಲಿ ಅಂತ ಅದರ ಮೇಲೆ ತನ್ನ ಬೆರಳಿಟ್ಟು ತೋರಿಸಿದ್ದಾಳೆ. ಉಗುರು ಕಚ್ಚುವ ಚಾಳಿ ಇನ್ನೂ ಬಿಟ್ಟಿಲ್ಲ. ತುದಿಯಲ್ಲಿ ಸೂಜಿ ಚುಚ್ಚಿದ ಒಂದು ಸಣ್ಣ ಗುರುತೂ ಇದೆ. ಬೆಳಗಿನಿಂದ ದೊಡ್ಡದು ಮಾಡಿ ಮಾಡಿ ನೋಡುತ್ತಿದ್ದೇನೆ.

ಸೇತುವೆ ಹೇಗಿದೆ ಎಂದು ಮಾತ್ರ ಕೇಳಬೇಡಿ. ನಾನಿನ್ನೂ ನೋಡಿಲ್ಲ.