ಸೀಲಿಂಗ್ ನೋವು

ಬಣ್ಣ ಹೊಡೆಯುವವರಲ್ಲಿ ಸೀಲಿಂಗ್ ನೋವು ಎಂಬುದೊಂದಿದೆ. ಕತ್ತೆತ್ತಿ, ಕೈಯೆತ್ತಿ ದಿನವಿಡೀ ರೋಲರ್ ಎಳೆದರೆ ಭುಜದಿಂದ ಎದೆಯವರೆಗೆ ಜಗ್ಗುತ್ತದೆ. ಅದನ್ನು ಯಾರೂ ಕಾಯಿಲೆ ಎನ್ನುವುದಿಲ್ಲ. ಪೇಂಟರಮ್ಮನೂ ಎನ್ನುತ್ತಿರಲಿಲ್ಲ.

ಗಂಡನ ಏಣಿ ಹಿಡಿಯಲು ಬಂದವಳು ಅವಳು. ವರ್ಷ ತುಂಬುವುದರೊಳಗೆ ತಾನೇ ಏಣಿ ಹತ್ತಿ ಅವನ ಕೈಲಿ ಹಿಡಿಸಿದ್ದಳು. "ಇದೇನ್ರೀ ಅಂಚು, ಹಾವು ಹರಿದ ಹಾಗಿದೆ! ಇಳೀರಿ ಕೆಳಗೆ," ಎನ್ನುವಳು. ಅವನು ನಗುತ್ತಾ ಇಳಿಯುವನು.

ಆ ಬೆಳಿಗ್ಗೆ ಹೊಸ ಕಟ್ಟಡವೊಂದರಲ್ಲಿ ಏಣಿಯ ಮೇಲಿದ್ದ ಅವನು "ಕೈ ನೋಯುತ್ತೆ ಕಣೆ," ಎಂದು ಎಡಗೈ ನೀವಿಕೊಂಡ. "ಸೀಲಿಂಗ್ ನೋವು. ಕೈ ಬದಲಾಯಿಸಿ," ಎಂದು ಅವಳು ಪಕ್ಕದ ಕೋಣೆಗೆ ಹೋದಳು. ದೊಪ್ಪನೆ ಸದ್ದಾಯಿತು. ಓಡಿ ಬರುವಷ್ಟರಲ್ಲಿ ಮುಗಿದಿತ್ತು. ಇನ್ನೂ ನಲವತ್ತಾಗದ ಗಟ್ಟಿಮುಟ್ಟಾದ ಆಳು.

"ಕುಡಿದು ಏಣಿ ಹತ್ತಿದ್ದಾನೆ, ಬಿದ್ದಿದ್ದಾನೆ," ಎಂದು ಮೇಸ್ತ್ರಿ ಇಡೀ ಕಟ್ಟಡಕ್ಕೆ ಕೇಳುವಂತೆ ಕೂಗಿಬಿಟ್ಟ. ಒಂದು ತೊಟ್ಟೂ ಮುಟ್ಟದ ಗಂಡ! ಅವಳ ಮೈಯೆಲ್ಲ ಉರಿದುಹೋಯಿತು.

ಆಸ್ಪತ್ರೆಯಲ್ಲಿ ಮಾವ ಕೈಮುಗಿದರು. "ಹೋದವನು ಹೋದ. ಪೋಸ್ಟ್‌ಮಾರ್ಟಂ ಅಂತ ನನ್ನ ಮಗನ್ನ ಕೊಯ್ಸಬೇಡಮ್ಮ."

"ಕೊಯ್ಸ್ತೀನಿ ಮಾವ. ನಿಮ್ಮ ಮೊಮ್ಮಗಳು ಕುಡುಕನ ಮಗಳು ಅನ್ನಿಸ್ಕೊಂಡು ಶಾಲೆಗೆ ಹೋಗಲ್ಲ."

ಕೆಲವು ವಾರಗಳಾದ ಮೇಲೆ ಡಾಕ್ಟರು ಕರೆಸಿದರು. "ಬಿದ್ದು ಸತ್ತಿದ್ದಲ್ಲಮ್ಮ, ಹೃದಯ ನಿಂತು ಬಿದ್ದಿದ್ದು. ಅವರು ಕುಡಿದೇ ಇರಲಿಲ್ಲ." ಹೃದಯಕ್ಕೆ ರಕ್ತ ಒಯ್ಯುವ ನಾಳಗಳ ಗೋಡೆಗಳೇ ಉರಿಯೂತದಿಂದ ಊದಿ ದಾರಿ ಮುಚ್ಚಿದ್ದವಂತೆ. ತೀರಾ ಅಪರೂಪದ ಕಾಯಿಲೆ. ಎಷ್ಟೋ ಸಲ ಸತ್ತ ಮೇಲೆಯೇ ಗೊತ್ತಾಗುವಂಥದ್ದು.

"ಕೈ ನೋಯುತ್ತೆ ಅಂದಿದ್ರು. ನಾನು..."

"ಅದೇ ಸುಳಿವಿದ್ದಿರಬಹುದು. ಆದ್ರೆ ಅದು ನಿಮಗೆ ಹೇಗಮ್ಮ ಗೊತ್ತಾಗ್ಬೇಕು?"

ಅಲ್ಲೇ ಬೆಂಚಿನ ಮೇಲೆ ಕುಳಿತು ಮನಸಾರೆ ಅತ್ತಳು. ಆಮೇಲೆ ಮೂಗು ಒರೆಸಿಕೊಂಡು ಸೀದಾ ಆ ಕಟ್ಟಡಕ್ಕೆ ನಡೆದಳು. ಡಾಕ್ಟರು ಹೇಳಿದ್ದನ್ನು ಮೇಸ್ತ್ರಿಯ ಮುಂದೆ ಒಂದೂ ಬಿಡದೆ ಹೇಳಿದಳು.

"ಏನೋ ಬಾಯಿ ತಪ್ಪಿ ಅಂದೆ, ಬಿಡಮ್ಮ," ಎಂದು ಅವನು ಗೊಣಗಿದ.

"ನನ್ನ ಕಿವೀಲಿ ಹೇಳಿದ್ರೆ ಏನು ಬಂತು? ಅವತ್ತು ಯಾವ ಗಂಟಲಲ್ಲಿ ಕೂಗಿದ್ರೋ ಅದರಲ್ಲೇ ಹೇಳಿ."

ರೋಲರುಗಳು ನಿಂತವು. ಏಣಿಗಳ ಮೇಲಿಂದ ಎಲ್ಲರೂ ಇತ್ತಲೇ ನೋಡುತ್ತಿದ್ದರು. ಮೇಸ್ತ್ರಿ ಗಂಟಲು ಸರಿಮಾಡಿಕೊಂಡ.

"ಅವರು ಕುಡಿದಿರಲಿಲ್ಲ! ನಾನು ಅಂದಿದ್ದು ಸುಳ್ಳು!" ಎಂದು ಕೂಗಿ ಅವಳತ್ತ ತಿರುಗಿದ. "ಸಾಕಾ ತಾಯಿ?"

"ಮೇಲಿನ ಮಹಡಿಯವರಿಗೆ ಕೇಳಿಸಿಲ್ಲ."

ಮೇಸ್ತ್ರಿ ಮೆಟ್ಟಿಲು ಹತ್ತತೊಡಗಿದ. ಅವಳೂ ಬೆನ್ನಿಗೇ ಹತ್ತಿದಳು.