ಕುದುರೆಯಿಂದ ಇಳಿಯದ ಸವಾರ

ಬೆಳಿಗ್ಗೆ ಆಫೀಸಿನ ಕಾಫಿ ಮೆಷಿನ್ನಿನಿಂದ ಸೀದ ವಾಸನೆ ಬಂತು. ಎಲ್ಲರೂ ಮೂಗು ಮುಚ್ಚಿಕೊಂಡರು. ನನಗೆ ಮಾತ್ರ ಮೇಲಿನ ಮನೆಯ ಅಜ್ಜ ನೆನಪಾದರು...

ಜರ್ಮನಿಯ ಡಾರ್ಮ್‌ಸ್ಟಾಟ್‌ಗೆ ನಾವು ಬಂದ ಹೊಸತರಲ್ಲಿ ನಮ್ಮ ತಲೆಯ ಮೇಲೆಯೇ ಅವರ ವಾಸ. ಕಾಫಿ ಒಲೆಯ ಮೇಲಿಟ್ಟು ಮರೆತು, ತಾವು ಬರೆದ ಸಂಭಾಷಣೆ ಒಪ್ಪಿಸುತ್ತಾ ದಿನವಿಡೀ ಅತ್ತಿಂದಿತ್ತ ನಡೆಯುವವರು. ಮೊದಲು ರೇಡಿಯೋಗೆ, ಆಮೇಲೆ ಟಿವಿಗೆ ಕೌಬಾಯ್ ಕಥೆ ಬರೆದೇ ಅವರ ತಲೆ ಹಣ್ಣಾಗಿತ್ತು. ಆದರೆ ಅಮೆರಿಕವನ್ನು ಕಣ್ಣಾರೆ ಕಂಡವರಲ್ಲ. "ಟಿವಿಯ ಕುದುರೆಗೆ ಹುಲ್ಲು ಹಾಕಬೇಕು, ರೇಡಿಯೋದ ಕುದುರೆಗೆ ಬೇಡ" ಎನ್ನುತ್ತಿದ್ದರು. ಟಿವಿಯವರು ಕೈಬಿಟ್ಟು ಎಷ್ಟೋ ಕಾಲದ ಮೇಲೆ ರೇಡಿಯೋದವರು ಕೊನೆಗೊಂದು ನಾಟಕ ಕೇಳಿದ್ದರು. ಶುಕ್ರವಾರದೊಳಗೆ ಕೊಡದಿದ್ದರೆ ಅದೂ ಇಲ್ಲ.

ಬರೆದದ್ದನ್ನು ಓದಿ ಕೇಳಿಸಲು ಅವರು ಆರಿಸಿದ್ದು ನನ್ನನ್ನು. ನನ್ನ ಜರ್ಮನ್ ಅಷ್ಟಕ್ಕಷ್ಟೇ. ಅರ್ಧ ಭಾಷೆಯವನಿಗೂ ಕಥೆ ಮುಟ್ಟಿದರೆ ಎಲ್ಲರಿಗೂ ಮುಟ್ಟುತ್ತದೆ ಎಂಬುದು ಅವರ ಲೆಕ್ಕ. ನಮ್ಮ ಅಡುಗೆಮನೆಯಲ್ಲಿ ನಿಂತೇ ಓದುವರು. ನಾನು ಸಂಗೀತ ಕಚೇರಿಯಲ್ಲಿ ಕೂತವನಂತೆ ಅತ್ತಿತ್ತ ತಲೆದೂಗುತ್ತಾ ಕೇಳುವೆ. ಕೊನೆಯಲ್ಲಿ ಸವಾರ ಊರು ಬಿಟ್ಟು ಹೊರಟುಹೋಗುವನು. ಅಜ್ಜ ನನ್ನನ್ನೇ ದಿಟ್ಟಿಸಿ, ಆ ಹಾಳೆ ಹರಿದು, ಸರಸರನೆ ಮೆಟ್ಟಿಲು ಹತ್ತುವರು. ಮರುದಿನ ಹೊಸ ಮುಕ್ತಾಯ. ಮತ್ತೆ ನಾನು ತಲೆದೂಗುವುದು, ಮತ್ತೆ ಅವರು ಹರಿಯುವುದು. ಹೀಗೇ ಗುರುವಾರ ಬಂತು.

"ರೀ, ನೀವು ತಲೆ ಆಡ್ಸೋದು ನಿಲ್ಸಿ. ಇಲ್ಲಿಯವ್ರಿಗೆ ಅದು ಬೇಡ ಅಂದ ಹಾಗೆ" ಎಂದಳು ಹೆಂಡತಿ.

ನಮ್ಮಲ್ಲಿ ಅದು ಮೆಚ್ಚುಗೆ ಎಂದು ಅಜ್ಜನಿಗೆ ವಿವರಿಸಿದೆ. ಅವರು ನಗಲಿಲ್ಲ. "ಹಾಗಾದರೆ ಯಾವ ಮುಕ್ತಾಯ ಚೆನ್ನಾಗಿತ್ತು?" ಎಂದರು. ಎಲ್ಲವೂ ಎಂದೆ. "ಎಲ್ಲವೂ ಚೆನ್ನಾಗಿದ್ದರೆ ನೀವು ಯಾವುದನ್ನೂ ಸರಿಯಾಗಿ ಕೇಳಿಸಿಕೊಂಡಿಲ್ಲ" ಎಂದರು ಅಜ್ಜ.

ನನಗೆ ಸಿಟ್ಟು ಬಂತು. ದಾಕ್ಷಿಣ್ಯ ಬಿಟ್ಟು ಅಂದೇಬಿಟ್ಟೆ: ಪ್ರತಿ ಸಲವೂ ನಿಮ್ಮ ಸವಾರ ಹೊರಟೇ ಹೋಗುತ್ತಾನಲ್ಲ, ಒಮ್ಮೆಯಾದರೂ ಯಾರದಾದರೂ ಮನೆ ಬಾಗಿಲಲ್ಲಿ ಇಳಿಯಬಾರದೇ? ಈ ಸಲ ಅಜ್ಜ ಮೆಟ್ಟಿಲು ಹತ್ತಲಿಲ್ಲ. ಕುರ್ಚಿ ಎಳೆದುಕೊಂಡು ಕೂತು, ನಮ್ಮ ಊಟದ ಮೇಜಿನ ಮೇಲೆಯೇ ಬರೆದು ಮುಗಿಸಿದರು. ನಾಟಕ ಶುಕ್ರವಾರ ತಲುಪಿತು, ಒಪ್ಪಿಗೆಯೂ ಆಯಿತು. ಆದರೆ ಪ್ರಸಾರವಾಗುವ ಮೊದಲೇ ಅವರು ತೀರಿಕೊಂಡರು...

ಇವತ್ತು ಕೆಲಸದಲ್ಲಿ ಮನಸ್ಸು ನಿಲ್ಲಲಿಲ್ಲ. ಸಂಜೆ ಮನೆಗೆ ಬಂದು ಆ ನಾಟಕದ ರೆಕಾರ್ಡಿಂಗ್ ಹಾಕಿದೆ. ಕೊನೆಗೆ ಕುದುರೆ ನಿಂತಿತು. ಸವಾರ ಇಳಿದು ಬಾಗಿಲು ತಟ್ಟಿ, ಒಳಗೆ ಯಾರಾದರೂ ಇದ್ದೀರಾ ಎಂದು ಕೇಳಿದ.

"ಇದ್ದೀವಿ ಅಜ್ಜ, ಬನ್ನಿ" ಎಂದು ನನ್ನ ಬಾಯಿಂದ ಬಂದೇಬಿಟ್ಟಿತು. ಎದ್ದು ಬಾಗಿಲ ಕಡೆ ಎರಡು ಹೆಜ್ಜೆ ಇಟ್ಟ ಮೇಲೆಯೇ ನೆನಪಾದದ್ದು, ಅವರು ಇನ್ನು ಬರುವುದಿಲ್ಲ ಎಂದು.